ಸಾಹಿತಿಗಳ ಕೈಬರಹದ ಪತ್ರಗಳು ನಿಮ್ಮ ಹತ್ತಿರ ಇದ್ದರೆ: ಮುಟ್ಟುವ ಮೊದಲು ಇದನ್ನು ಓದಿ

ಸಾಹಿತಿಗಳು ಒಬ್ಬರಿಗೊಬ್ಬರು ಬರೆದ ಪತ್ರಗಳೆಲ್ಲ ದೊಡ್ಡ ಗ್ರಂಥಾಲಯಗಳ ಬೀಗದೊಳಗೇ ಇರುತ್ತವೆ ಅಂದುಕೊಳ್ಳಬೇಡಿ. ಬೇಕಾದಷ್ಟು ಪತ್ರಗಳು ಇನ್ನೂ ಮನೆಗಳಲ್ಲೇ ಇವೆ. ಲೇಖಕರ ಮಕ್ಕಳು ಮೊಮ್ಮಕ್ಕಳ ಹತ್ತಿರ, ಹಳೆಯ ಸಂಪಾದಕರ ಕಪಾಟಿನಲ್ಲಿ, ಸಣ್ಣ ಸಾಹಿತ್ಯ ಸಂಘದ ಬೀರುವಿನಲ್ಲಿ, ಕೆಲವು ಸಲ ಸೆಕೆಂಡ್‌ಹ್ಯಾಂಡ್ ಪುಸ್ತಕವೊಂದರ ಹಾಳೆಗಳ ನಡುವೆ. ಇಂಥ ಪತ್ರ ಇಟ್ಟುಕೊಂಡವರು ಸಾಮಾನ್ಯವಾಗಿ ಅದನ್ನು ಪ್ರೀತಿಸುವವರೇ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಪ್ರೀತಿಯಿಂದಲೇ ಲ್ಯಾಮಿನೇಷನ್ ಮಾಡಿಸುತ್ತಾರೆ, ಹರಿದ ಕಡೆ ಟೇಪ್ ಅಂಟಿಸುತ್ತಾರೆ, ಚೌಕಟ್ಟು ಹಾಕಿಸಿ ಬಿಸಿಲು ಬೀಳುವ ಗೋಡೆಗೆ ನೇತುಹಾಕುತ್ತಾರೆ. ಕತ್ತಲ ಪೆಟ್ಟಿಗೆಯಲ್ಲಿ ಸುಮ್ನೆ ಬಿದ್ದಿದ್ದಾಗ ಚೆನ್ನಾಗೇ ಇದ್ದ ಕಾಗದ ಹೀಗೆ ಆರೈಕೆ ಸಿಕ್ಕ ಮೇಲೆ ಹಾಳಾಗುತ್ತದೆ.

ಒಂದೇ ಮಾತು ನೆನಪಿಟ್ಟುಕೊಳ್ಳಿ. ಪತ್ರಕ್ಕೆ ಮಾಡುವುದು ಆದಷ್ಟು ಕಡಿಮೆ ಇರಲಿ, ಪತ್ರದ ಬಗ್ಗೆ ಬರೆದಿಡುವುದು ಆದಷ್ಟು ಜಾಸ್ತಿ ಇರಲಿ. ನೀವು ಏನೇ ಮಾಡಿದರೂ ನಾಳೆ ಇನ್ನೊಬ್ಬರು ಅದನ್ನು ಬಿಚ್ಚಿ ಮೊದಲಿನ ಹಾಗೆ ಮಾಡಲು ಆಗಬೇಕು. ಕೆಳಗೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಮೊದಲ ದಿನ ಜೋಡಿಸಬೇಡಿ, ಫೋಟೋ ತೆಗೆಯಿರಿ

ಪತ್ರಗಳ ಕಟ್ಟು ಸಿಕ್ಕಿದ ಕೂಡಲೇ ಎಲ್ಲರಿಗೂ ಬರುವ ಆಸೆ ಒಂದೇ. ತಾರೀಕಿನ ಪ್ರಕಾರ ಜೋಡಿಸಿಬಿಡೋಣ ಅಂತ. ದಯವಿಟ್ಟು ಬೇಡ. ಆ ಕಟ್ಟು ಯಾವ ಕ್ರಮದಲ್ಲಿದೆಯೋ ಆ ಕ್ರಮಕ್ಕೇ ಒಂದು ಅರ್ಥ ಇರಬಹುದು. ಪತ್ರ ಪಡೆದವರು ಉತ್ತರ ಬರೆದಾದ ಪತ್ರಗಳನ್ನು ಒಂದು ಕಡೆ, ಬರೆಯಬೇಕಾದವನ್ನು ಇನ್ನೊಂದು ಕಡೆ ಇಟ್ಟಿರಬಹುದು. ಒಂದು ಜಗಳಕ್ಕೆ ಸಂಬಂಧಿಸಿದ ನಾಲ್ಕು ಜನರ ಪತ್ರಗಳನ್ನು ಒಂದೇ ದಾರದಲ್ಲಿ ಕಟ್ಟಿರಬಹುದು. ತಾರೀಕೇ ಇಲ್ಲದ ಒಂದು ಪತ್ರ 1936ರ ಎರಡು ಪತ್ರಗಳ ನಡುವೆ ಇದೆ ಅಂದರೆ ಅದೇ ಅದರ ಕಾಲದ ಬಗ್ಗೆ ಇರುವ ಏಕೈಕ ಸುಳಿವು ಆಗಿರಬಹುದು. ನೀವು ಹತ್ತು ನಿಮಿಷದಲ್ಲಿ ಜೋಡಿಸಿ ಮುಗಿಸಿದರೆ ಆ ಸುಳಿವು ಮತ್ತೆ ಯಾರಿಗೂ ಸಿಗುವುದಿಲ್ಲ. ಹಳೆಯ ದಾಖಲೆ ಕಾಪಾಡುವ ಪತ್ರಾಗಾರದವರು ಮೂಲ ಕ್ರಮ ಅಂತ ಪದೇ ಪದೇ ಹೇಳುವುದು ಇದಕ್ಕೇ.

ಹಾಗಾಗಿ ಪೆಟ್ಟಿಗೆ ತೆರೆದ ಹಾಗೆಯೇ ಒಂದು ಫೋಟೋ, ಪ್ರತಿ ಕಟ್ಟಿಗೂ ಒಂದು ಫೋಟೋ, ಕಟ್ಟು ಬಿಚ್ಚುವ ಮೊದಲು ಮೇಲಿನದು ಕೆಳಗಿನದು ಕಾಣುವ ಹಾಗೆ ಇನ್ನೊಂದು. ಮೊಬೈಲ್ ಫೋಟೋ ಸಾಕು. ಆಮೇಲೆ ಸಣ್ಣ ಸಣ್ಣ ಕಾಗದದ ಚೀಟಿಗಳ ಮೇಲೆ ಪೆನ್ಸಿಲ್‌ನಿಂದ ನಂಬರ್ ಬರೆದು, ಒಂದೊಂದು ಪತ್ರದ ಜೊತೆಗೂ ಒಂದೊಂದು ಚೀಟಿ ಇಡಿ. ಅಂಟಿಸಬೇಡಿ, ಸುಮ್ನೆ ಇಡಿ. ತಾರೀಕಿನ ಪ್ರಕಾರ ಜೋಡಿಸುವ ಆಸೆಯನ್ನು ಕಂಪ್ಯೂಟರಿನ ಪಟ್ಟಿಯಲ್ಲಿ ತೀರಿಸಿಕೊಳ್ಳಬಹುದು. ಅಲ್ಲಿ ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಮಾಡಿ, ಕಾಗದಕ್ಕೆ ಏನೂ ಆಗುವುದಿಲ್ಲ.

ಪೆಟ್ಟಿಗೆ ನಿಮ್ಮ ಕೈಗೆ ಹೇಗೆ ಬಂತು ಅನ್ನುವುದನ್ನೂ ಆವತ್ತೇ ಬರೆದಿಡಿ. ಯಾರು ಕೊಟ್ಟರು, ಅವರಿಗೆ ಎಲ್ಲಿಂದ ಬಂತು, ಯಾವಾಗ. ಪತ್ರ ಅಸಲಿಯಾ ಅಂತ ಮುಂದೆ ಯಾರಾದರೂ ಕೇಳಿದಾಗ ಈ ಅರ್ಧ ಪುಟ ತುಂಬ ಕೆಲಸಕ್ಕೆ ಬರುತ್ತದೆ.

ಕೈ, ಮೇಜು, ಪೆನ್ಸಿಲ್

ಬಿಳಿ ಹತ್ತಿ ಗ್ಲೌಸ್ ಹಾಕಿಕೊಂಡು ಹಳೆ ಕಾಗದ ಮುಟ್ಟುವ ದೃಶ್ಯ ಸಿನಿಮಾಗಳಲ್ಲಿ ನೋಡಿರುತ್ತೀರಿ. ಕಾಗದದ ವಿಷಯದಲ್ಲಿ ಅದು ಒಳ್ಳೆಯದಲ್ಲ. ಬಟ್ಟೆಯ ಗ್ಲೌಸ್ ಹಾಕಿಕೊಂಡರೆ ಬೆರಳಿಗೆ ಕಾಗದದ ಅಂದಾಜು ಸಿಗುವುದಿಲ್ಲ, ಹರಿದ ಅಂಚಿಗೆ ನೂಲು ಸಿಕ್ಕಿಕೊಂಡು ಇನ್ನಷ್ಟು ಹರಿಯುತ್ತದೆ. ಬ್ರಿಟಿಷ್ ಲೈಬ್ರರಿಯಂಥ ಕಡೆಯೂ ಹಸ್ತಪ್ರತಿ ಮುಟ್ಟಲು ಹೇಳುವುದು ತೊಳೆದು ಚೆನ್ನಾಗಿ ಒಣಗಿಸಿದ ಬರಿಗೈಯಿಂದಲೇ. ಕ್ರೀಮು, ಎಣ್ಣೆ, ಸ್ಯಾನಿಟೈಜರ್ ಯಾವುದೂ ಕೈಯಲ್ಲಿ ಇರಬಾರದು. ಪತ್ರದ ಜೊತೆ ಫೋಟೋಗಳಿದ್ದರೆ ಮಾತ್ರ ಗ್ಲೌಸ್ ಬೇಕು, ಅದೂ ನೈಟ್ರೈಲ್ ಅನ್ನುವ ತೆಳು ಕೃತಕ ರಬ್ಬರಿನದು, ಯಾಕೆಂದರೆ ಬೆರಳಚ್ಚು ಫೋಟೋ ಮೇಲೆ ಕೂತುಬಿಡುತ್ತದೆ.

ಮೇಜು ಖಾಲಿ ಇರಲಿ, ಮೇಲೆ ಒಂದು ಬಿಳಿ ಹಾಳೆ ಹಾಸಿ. ಕುಡಿಯುವುದು ತಿನ್ನುವುದು ಆ ಮೇಜಿನ ಹತ್ತಿರ ಸುಳಿಯಬಾರದು. ಬರೆಯಲು ಪೆನ್ಸಿಲ್ ಮಾತ್ರ. ಜಗತ್ತಿನ ಯಾವ ದೊಡ್ಡ ಪತ್ರಾಗಾರಕ್ಕೆ ಹೋದರೂ ಪೆನ್ನು ಬಾಗಿಲಲ್ಲೇ ಬಿಟ್ಟು ಹೋಗಬೇಕು.

ಮಡಿಕೆ ಬಿಡಿಸುವುದು, ಗುಂಡುಸೂಜಿ ತೆಗೆಯುವುದು

ದಶಕಗಳ ಕಾಲ ಮಡಚಿಕೊಂಡೇ ಇದ್ದ ಕಾಗದ ಮಡಿಕೆಯ ಜಾಗದಲ್ಲಿ ತೀರಾ ದುರ್ಬಲವಾಗಿರುತ್ತದೆ. ಬಿಡಿಸಿದರೆ ಚಟ್ ಅನ್ನುತ್ತೆ ಅನಿಸಿದರೆ ಅಲ್ಲೇ ನಿಲ್ಲಿಸಿ. ಅದನ್ನು ಕಾಗದ ಸಂರಕ್ಷಣೆಯ ತಜ್ಞರು ತೇವಾಂಶ ಕೊಟ್ಟು ನಿಧಾನವಾಗಿ ಸಡಿಲಿಸುತ್ತಾರೆ, ಮನೆಯಲ್ಲಿ ಆವಿ ಹಿಡಿದು ಮಾಡುವ ಕೆಲಸ ಅಲ್ಲ. ಸುಲಭವಾಗಿ ಬಿಚ್ಚುವಂಥದ್ದನ್ನು ಬಿಚ್ಚಿ, ಮೇಲೊಂದು ಸ್ವಚ್ಛ ಹಾಳೆ, ಅದರ ಮೇಲೆ ಹಗುರವಾದ ತೂಕ ಇಟ್ಟು ಒಂದೆರಡು ದಿನ ಬಿಟ್ಟರೆ ತಾನಾಗಿ ಚಪ್ಪಟೆ ಆಗುತ್ತದೆ. ಬಿಚ್ಚುವ ಮೊದಲು ಅದು ಹೇಗೆ ಮಡಚಿತ್ತು ಅಂತ ಒಂದು ಫೋಟೋ ತೆಗೆದಿರಿ. ಲಕೋಟೆ ಬಳಕೆಗೆ ಬರುವ ಮೊದಲು ಪತ್ರದ ಹಾಳೆಯನ್ನೇ ಮಡಚಿ ಅರಗಿನ ಮುದ್ರೆ ಹಾಕಿ ಕಳಿಸುತ್ತಿದ್ದರು. ಆ ಮಡಿಕೆಯ ರೀತಿಯೇ ಈಗ ಸಂಶೋಧನೆಯ ವಿಷಯವಾಗಿದೆ.

ರಬ್ಬರ್ ಬ್ಯಾಂಡ್ ಮೊದಲು ತೆಗೆಯಿರಿ. ಹಳೆಯದಾದರೆ ಅದು ಕಾಗದಕ್ಕೆ ಅಂಟಿಕೊಂಡಿರುತ್ತದೆ. ಎಳೆಯಬೇಡಿ, ಕತ್ತರಿಸಿ. ತುಕ್ಕು ಹಿಡಿದ ಗುಂಡುಸೂಜಿ ಮತ್ತು ಸ್ಟೇಪಲ್ ಪಿನ್ನಿಗೂ ಅಷ್ಟೇ, ಹಿಂದಿನ ಕಾಲುಗಳನ್ನು ನಿಧಾನವಾಗಿ ಎಬ್ಬಿಸಿ ಒಂದೊಂದಾಗಿ ಹೊರಗೆ ತನ್ನಿ. ಕಾಗದಕ್ಕೆ ಕಚ್ಚಿಕೊಂಡಿದ್ದರೆ ಬಿಟ್ಟುಬಿಡಿ. ಯಾವ ಹಾಳೆಗೆ ಯಾವ ಹಾಳೆ ಸೇರಿಸಿ ಚುಚ್ಚಿದ್ದರು ಅನ್ನುವುದನ್ನು ಮಾತ್ರ ಬರೆದುಕೊಳ್ಳಿ, ಆಮೇಲೆ ಆ ಹಾಳೆಗಳನ್ನು ಒಂದು ಮಡಚಿದ ಕಾಗದದೊಳಗೆ ಒಟ್ಟಿಗೆ ಇಡಬಹುದು.

ಲಕೋಟೆ ಎಸೆಯಬೇಡಿ

ಪತ್ರ ಉಳಿಸಿ ಲಕೋಟೆ ಎಸೆದವರು ಎಷ್ಟೋ ಜನ. ಅಂಚೆ ಮುದ್ರೆಯಲ್ಲಿ ಊರು, ತಾರೀಕು ಎರಡೂ ಇರುತ್ತದೆ. ಪತ್ರದೊಳಗೆ ಬರೀ ‘ಸೋಮವಾರ ರಾತ್ರಿ’ ಅಂತ ಇದ್ದಾಗ ಉತ್ತರ ಲಕೋಟೆಯ ಮೇಲೆ ಇರುತ್ತದೆ. ವಿಳಾಸ ಹೊಡೆದುಹಾಕಿ ಬೇರೆ ವಿಳಾಸ ಬರೆದಿದ್ದರೆ ಪಡೆದವರು ಆ ಹೊತ್ತಿಗೆ ಊರು ಬಿಟ್ಟಿದ್ದರು ಅಂತ ತಿಳಿಯುತ್ತದೆ. ಲಕೋಟೆಯ ಹಿಂದೆ ಲೆಕ್ಕ ಬರೆದಿರುತ್ತಾರೆ, ಉತ್ತರದ ಕರಡು ಗೀಚಿರುತ್ತಾರೆ. ಸ್ಟ್ಯಾಂಪು ಸಂಗ್ರಹಿಸುವವರಿಗೆ ಕೊಡಲು ಮೂಲೆ ಕತ್ತರಿಸುವುದಂತೂ ಬೇಡವೇ ಬೇಡ. ಮುದ್ರೆಯ ಅರ್ಧ ಅದರ ಜೊತೆಗೇ ಹೋಗುತ್ತದೆ.

ಒಂದು ಎಚ್ಚರ. ಪತ್ರ ಮತ್ತು ಲಕೋಟೆ ಒಂದಕ್ಕೊಂದು ಸೇರಿದ್ದೇನಾ ಅಂತ ನೋಡಿಕೊಳ್ಳಿ. ಓದಿದವರು ಅದಲುಬದಲು ಮಾಡಿ ಹಾಕಿರುವುದು ತುಂಬ ಸಾಮಾನ್ಯ. ಮಡಿಕೆಯ ಅಳತೆ ಲಕೋಟೆಗೆ ಹೊಂದದಿದ್ದರೆ, ಶಾಯಿ ಬೇರೆ ಇದ್ದರೆ, ಅನುಮಾನವನ್ನು ಪಟ್ಟಿಯಲ್ಲಿ ಬರೆಯಿರಿ. ನೀವೇ ಸರಿಮಾಡಲು ಹೋಗಬೇಡಿ.

ಯಾವ ಶಾಯಿ, ಯಾವ ಕಾಗದ

ಇದು ಗೊತ್ತಿದ್ದರೆ ಯಾವ ಪತ್ರಕ್ಕೆ ಯಾವ ಅಪಾಯ ಅಂತ ಗೊತ್ತಾಗುತ್ತದೆ. ಸುಮಾರು 19ನೇ ಶತಮಾನದ ನಡುವಿನವರೆಗೆ ಯುರೋಪಿನ ಕಾಗದ ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಆಗುತ್ತಿತ್ತು. ಅದು ಗಟ್ಟಿ. ಆಮೇಲೆ ಮರದ ತಿರುಳಿನ ಕಾಗದ ಬಂತು. ಅದರಲ್ಲಿರುವ ಲಿಗ್ನಿನ್ ಅನ್ನುವ ಮರದ ಅಂಶ ಮತ್ತು ತಯಾರಿಕೆಯಲ್ಲಿ ಹಾಕುತ್ತಿದ್ದ ಪಟಿಕ ಸೇರಿ ಕಾಗದದೊಳಗೇ ಆಮ್ಲ ಹುಟ್ಟುತ್ತದೆ, ಕಾಗದ ಹಳದಿಯಾಗಿ ಪುಡಿಪುಡಿ ಆಗುತ್ತದೆ. ಹಾಗಾಗಿ 1810ರ ಪತ್ರ ಇವತ್ತಿಗೂ ಗಟ್ಟಿಯಾಗಿದ್ದು 1940ರ ಪತ್ರ ಮುಟ್ಟಿದರೆ ಮುರಿಯುವುದು ಆಶ್ಚರ್ಯವಲ್ಲ. ಪತ್ರದ ಜೊತೆ ಪತ್ರಿಕೆಯ ಕಟಿಂಗ್ ಇಟ್ಟಿದ್ದರೆ ಅದನ್ನು ತೆಗೆದು ಬೇರೆ ಹಾಳೆಯೊಳಗೆ ಇಡಿ. ನ್ಯೂಸ್‌ಪ್ರಿಂಟಿನ ಆಮ್ಲ ಪಕ್ಕದ ಕಾಗದಕ್ಕೂ ಇಳಿಯುತ್ತದೆ, ಕಟಿಂಗಿನ ಆಕಾರದಲ್ಲೇ ಕಂದು ಕಲೆ ಮೂಡಿರುವುದನ್ನು ನೀವೂ ನೋಡಿರಬಹುದು.

ಶಾಯಿಗಳಲ್ಲಿ ದೊಡ್ಡ ತಲೆನೋವು ಮಾಚಿಕಾಯಿಯ ಶಾಯಿ. ಮಾಚಿಕಾಯಿಯ ಒಗರು ಮತ್ತು ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡುತ್ತಿದ್ದ ಈ ಕಬ್ಬಿಣದ ಶಾಯಿ ಯುರೋಪಿನಲ್ಲಿ ನೂರಾರು ವರ್ಷ ಮುಖ್ಯ ಶಾಯಿಯಾಗಿತ್ತು. ಬರೆದಾಗ ಕಪ್ಪು, ಕಾಲ ಕಳೆದ ಹಾಗೆ ಕಂದು. ಅದರಲ್ಲಿರುವ ಆಮ್ಲ ಮತ್ತು ಉಳಿದ ಕಬ್ಬಿಣ ಕಾಗದವನ್ನು ತಿನ್ನುತ್ತಾ ಹೋಗುತ್ತದೆ, ಕೊನೆಗೆ ಅಕ್ಷರ ಇದ್ದ ಜಾಗದಲ್ಲಿ ತೂತು ಬೀಳುತ್ತದೆ. ಅಕ್ಷರದ ಸುತ್ತ ಕಂದು ನೆರಳು ಕಂಡರೆ, ಹಿಂಬದಿಯಿಂದಲೂ ಅಕ್ಷರ ಸುಟ್ಟ ಹಾಗೆ ಕಂಡರೆ ಆ ಹಾಳೆಯನ್ನು ಬಗ್ಗಿಸಬೇಡಿ. ತೇವ ತಾಗಿಸಲೇಬೇಡಿ. ನೀರು ಸಿಕ್ಕಿದರೆ ಕಬ್ಬಿಣ ಪಕ್ಕಕ್ಕೆ ಹರಡಿ ಹಾನಿ ಇನ್ನಷ್ಟು ಅಗಲ ಆಗುತ್ತದೆ.

ಕಾಪಿಯಿಂಗ್ ಪೆನ್ಸಿಲ್ ಇನ್ನೊಂದು. ನೋಡಲು ಮಾಮೂಲಿ ಪೆನ್ಸಿಲ್ ಬರಹದ ಹಾಗೇ ಇರುತ್ತದೆ, ಒಂದು ಹನಿ ನೀರು ಬಿದ್ದರೆ ನೇರಳೆ ಬಣ್ಣವಾಗಿ ಹರಿದುಹೋಗುತ್ತದೆ. ಫೌಂಟನ್ ಪೆನ್ನಿನ ನೀಲಿ ಶಾಯಿಗೆ ನೀರು, ಬೆಳಕು ಎರಡೂ ಆಗದು. ಇತ್ತೀಚಿನ ಲೇಖಕರ ಸಂಗ್ರಹದಲ್ಲಿ ಫ್ಯಾಕ್ಸ್ ಕಾಗದ ಇದ್ದರೆ ಇವತ್ತೇ ಅದರ ಪ್ರತಿ ಮಾಡಿ. ಶಾಖದಿಂದ ಮೂಡಿಸಿದ ಆ ಅಕ್ಷರ ಪೆಟ್ಟಿಗೆಯೊಳಗೂ ಮಾಸುತ್ತದೆ.

ಶಾಯಿ ಮತ್ತು ಕಾಗದ ನೋಡುವುದರಿಂದ ಇನ್ನೊಂದು ಲಾಭ ಇದೆ, ನಕಲಿ ಗೊತ್ತಾಗುತ್ತದೆ. ಬಾಲ್‌ಪೆನ್ನು ಮಾರುಕಟ್ಟೆಗೆ ಬಂದದ್ದೇ 1940ರ ದಶಕದಲ್ಲಿ. 1925ರ ತಾರೀಕಿನ ಪತ್ರ ಬಾಲ್‌ಪೆನ್ನಿನಲ್ಲಿದ್ದರೆ ಕೇಳಬೇಕಾದ ಪ್ರಶ್ನೆ ಇದೆ, ಅಲ್ವಾ? ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಸೇರಿಸುವುದು ಶುರುವಾದದ್ದು ಸುಮಾರು 1950ರ ಹೊತ್ತಿಗೆ. ನೇರಳಾತೀತ ದೀಪದಡಿ ಹಾಳೆ ನೀಲಿ ಬಿಳುಪಾಗಿ ಮಿಂಚಿದರೆ ಆ ಕಾಗದ ಅದಕ್ಕಿಂತ ಹಳೆಯದಾಗಿರುವುದು ಕಷ್ಟ. ಬೆಳಕಿಗೆ ಹಿಡಿದರೆ ಕಾಣುವ ನೀರ್ಗುರುತಿನಲ್ಲಿ ಕೆಲವು ಸಲ ಕಾಗದ ಮಾಡಿದ ವರ್ಷವೇ ಇರುತ್ತದೆ.

ಇವನ್ನು ಮಾತ್ರ ಮಾಡಲೇಬೇಡಿ

ಲ್ಯಾಮಿನೇಷನ್ ಬೇಡ. ಬಿಸಿ ಮತ್ತು ಒತ್ತಡದಲ್ಲಿ ಪ್ಲಾಸ್ಟಿಕ್ ಕಾಗದದ ಎಳೆಗಳೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಆಮ್ಲವೂ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. 20ನೇ ಶತಮಾನದ ನಡುವಿನಲ್ಲಿ ದೊಡ್ಡ ದೊಡ್ಡ ಪತ್ರಾಗಾರಗಳೇ ಸೆಲ್ಯುಲೋಸ್ ಅಸಿಟೇಟ್ ಹಾಳೆ ಹಾಕಿ ಸಾವಿರಾರು ದಾಖಲೆಗಳಿಗೆ ಇದನ್ನು ಮಾಡಿಸಿದ್ದವು. ಈಗ ಅವನ್ನು ಬಿಡಿಸಲು ಪಾಡು ಪಡುತ್ತಿವೆ.

ಸೆಲ್ಲೋಟೇಪ್ ಬೇಡ, ಬಣ್ಣ ಬದಲಾಗುವುದಿಲ್ಲ ಅನ್ನುವ ಟೇಪೂ ಬೇಡ. ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಪಟ್ಟಿ ಉದುರಿದರೂ ಕಲೆ ಉಳಿಯುತ್ತದೆ. ಫೆವಿಕಾಲ್ ಥರದ ಗೋಂದೂ ಬೇಡ. ತಜ್ಞರು ಹರುಕು ಕೂಡಿಸುವುದು ತೆಳ್ಳನೆಯ ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ, ಬೇಕಾದಾಗ ಅದನ್ನು ತೇವ ಮಾಡಿ ಬಿಡಿಸಬಹುದು ಅನ್ನುವ ಕಾರಣಕ್ಕೆ. ಇಸ್ತ್ರಿ ಬೇಡ. ಬಿಸಿಲಿಗೆ ಒಣಹಾಕುವುದು ಬೇಡ. ನುಸಿಗುಳಿಗೆಯ ಹೊಗೆ ನಿಮಗೂ ಒಳ್ಳೆಯದಲ್ಲ, ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಪತ್ರದ ಮೇಲೆ ಸಂಘದ ರಬ್ಬರ್ ಸ್ಟ್ಯಾಂಪ್ ಒತ್ತುವುದಂತೂ ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗೇ ಹಿಂದೆ ಯಾರೋ ಮಾಡಿದ ರಿಪೇರಿಯನ್ನು ಕೀಳಬೇಡಿ. ಇಂಗ್ಲಿಷ್ ಕಾದಂಬರಿಕಾರ್ತಿ ಷಾರ್ಲೆಟ್ ಬ್ರಾಂಟೆ 1844–45ರಲ್ಲಿ ಬ್ರಸೆಲ್ಸ್‌ನ ತಮ್ಮ ಮೇಷ್ಟ್ರು ಕಾನ್‌ಸ್ಟಾಂಟಿನ್ ಹೆಜೆಗೆ ಬರೆದ ನಾಲ್ಕು ಪತ್ರಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಕೆಲವನ್ನು ಹೆಜೆ ಹರಿದು ಎಸೆದಿದ್ದರು, ಅವರ ಹೆಂಡತಿ ಚೂರುಗಳನ್ನು ಆರಿಸಿ ದಾರದಿಂದ ಹೊಲಿದು ಇಟ್ಟಿದ್ದರು ಅನ್ನುತ್ತಾರೆ. ಆ ಹೊಲಿಗೆ ಇವತ್ತಿಗೂ ಕಾಗದದ ಮೇಲಿದೆ. ಅದನ್ನು ಬಿಚ್ಚಿ ನೀಟಾಗಿ ಅಂಟಿಸಿದ್ದರೆ ಏನು ಹೋಗುತ್ತಿತ್ತು ಯೋಚಿಸಿ. ಪತ್ರದ ಮಾತು ಒಂದು ಕಥೆ ಹೇಳುತ್ತದೆ, ಆ ದಾರ ಇನ್ನೊಂದು ಕಥೆ ಹೇಳುತ್ತದೆ.

ಎಲ್ಲಿ, ಹೇಗೆ ಇಡಬೇಕು

ಆಮ್ಲರಹಿತ ಅಂತ ಗುರುತಿರುವ ಕಾಗದದ ಫೋಲ್ಡರ್, ಅಂಥದ್ದೇ ರಟ್ಟಿನ ಪೆಟ್ಟಿಗೆ. ಇವೆರಡು ಸಾಕು. ಒಂದು ಫೋಲ್ಡರಿಗೆ ಸ್ವಲ್ಪವೇ ಹಾಳೆ, ತುರುಕಬೇಡಿ. ಆಗಾಗ ಮುಟ್ಟಬೇಕಾದ ಹರುಕು ಹಾಳೆಗೆ ಪಾಲಿಯೆಸ್ಟರ್ ಹಾಳೆಯ ತೆಳು ಜೋಬು ಒಳ್ಳೆಯದು. ಆದರೆ ಪೆನ್ಸಿಲ್ ಬರಹಕ್ಕೆ ಬೇಡ, ಪ್ಲಾಸ್ಟಿಕ್ಕಿನ ಸ್ಥಿರವಿದ್ಯುತ್ ಪೆನ್ಸಿಲ್ ಪುಡಿಯನ್ನು ಎಳೆದುಕೊಳ್ಳುತ್ತದೆ. ಪಿವಿಸಿ ಜೋಬುಗಳನ್ನು, ವಾಸನೆ ಬರುವ ಆ ಮೆತ್ತನೆಯ ಪ್ಲಾಸ್ಟಿಕ್ಕನ್ನು, ದೂರ ಇಡಿ.

ಪೆಟ್ಟಿಗೆ ಇಡುವ ಜಾಗ ನೆಲದಿಂದ ಮೇಲಿರಲಿ. ಹೊರಗಿನ ಗೋಡೆಗೆ ತಾಗದಿರಲಿ. ಮೇಲೆ ನೀರಿನ ಪೈಪು ಹೋಗದಿರಲಿ. ಹೆಂಚಿನ ಅಥವಾ ತಾರಸಿಯ ಕೆಳಗಿನ ಅಟ್ಟ ಬೇಡ, ನೆಲಮಾಳಿಗೆಯೂ ಬೇಡ. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ ಶೇ. 35ರಿಂದ 50 ಅನ್ನುವುದು ಪತ್ರಾಗಾರಗಳ ಲೆಕ್ಕ. ಮನೆಯಲ್ಲಿ ಅಷ್ಟು ಆಗದಿದ್ದರೂ ದಿನಕ್ಕೊಂದು ಥರ ಏರಿಳಿಯದ ಜಾಗ ಹುಡುಕಿ. ತೇವಾಂಶ ಶೇ. 65 ದಾಟಿ ನಿಂತರೆ ಬೂಸ್ಟು ಬರುತ್ತದೆ. ಒಂದು ಸಣ್ಣ ತೇವಾಂಶ ಮಾಪಕ ಪೆಟ್ಟಿಗೆಯ ಪಕ್ಕ ಇಟ್ಟರೆ ಊಹೆ ಮಾಡುವ ಕೆಲಸ ಇಲ್ಲ. ವರ್ಷಕ್ಕೆ ಕೆಲವು ಸಲ ತೆರೆದು ಹುಳದ ಪುಡಿ, ಗೆದ್ದಲ ಮಣ್ಣು, ಜಿರಳೆ ಹಿಕ್ಕೆ ಇದೆಯಾ ನೋಡಿ.

ಬೆಳಕಿನ ಹಾನಿ ವಾಪಸ್ ಬರುವುದಿಲ್ಲ, ಸೇರುತ್ತಾ ಹೋಗುತ್ತದೆ. ವಸ್ತುಸಂಗ್ರಹಾಲಯಗಳು ಇಂಥ ಕಾಗದಕ್ಕೆ 50 ಲಕ್ಸ್ (ಬೆಳಕಿನ ಅಳತೆ) ಬೆಳಕು ಮಾತ್ರ ಕೊಡುವುದು, ಅದೂ ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲಲ್ಲಿ ಇಡುವುದು ಅದಕ್ಕೇ. ಗೋಡೆಯ ಮೇಲೆ ಬೇಕೇ ಬೇಕು ಅಂದರೆ ಒಳ್ಳೆಯ ಬಣ್ಣದ ಪ್ರತಿ ಮಾಡಿಸಿ ಚೌಕಟ್ಟು ಹಾಕಿಸಿ. ಅಸಲು ಪೆಟ್ಟಿಗೆಯಲ್ಲಿರಲಿ.

ಪಟ್ಟಿ ಮಾಡುವುದು, ತಾರೀಕು ಹುಡುಕುವುದು

ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಯಾಕೆಂದರೆ ಪಟ್ಟಿ ಇಲ್ಲದ ಸಂಗ್ರಹವನ್ನು ಯಾರೂ ಓದಲಾರರು, ಓದದ್ದನ್ನು ಮುಂದಿನ ತಲೆಮಾರು ಇಟ್ಟುಕೊಳ್ಳುವುದಿಲ್ಲ. ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಪ್ರತಿ ಪತ್ರಕ್ಕೂ ಒಂದು ಸಾಲು. ನಂಬರು, ಬರೆದವರು, ಪಡೆದವರು, ತಾರೀಕು, ಎಲ್ಲಿಂದ ಬರೆದದ್ದು, ಎಷ್ಟು ಹಾಳೆ, ಯಾವ ಭಾಷೆ, ಶಾಯಿಯೋ ಪೆನ್ಸಿಲೋ, ಲಕೋಟೆ ಇದೆಯೋ ಇಲ್ಲವೋ, ಈಗಿನ ಸ್ಥಿತಿ, ಮತ್ತೆ ಪತ್ರದ ಮೊದಲ ಸಾಲು. ಮೊದಲ ಸಾಲು ಯಾಕೆ ಅಂದರೆ ಹಾಳೆ ತಪ್ಪಿಹೋದಾಗ ಗುರುತು ಹಿಡಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಪತ್ರದಲ್ಲಿ ಬರುವ ಅಡ್ಡಹೆಸರುಗಳಿಗೆ ಬೇರೆಯೇ ಒಂದು ಹಾಳೆ ಮಾಡಿ. ಲೇಖಕರು ಗೆಳೆಯರನ್ನು ಕರೆಯುತ್ತಿದ್ದ ಹೆಸರು ಯಾರದ್ದು ಅಂತ ಗೊತ್ತಿರುವ ಹಿರಿಯರು ಇನ್ನೂ ಇದ್ದರೆ ಈ ವಾರವೇ ಹೋಗಿ ಕೇಳಿ. ಪತ್ರ ಕಾಯುತ್ತದೆ. ಅವರನ್ನು ಕೇಳುವುದನ್ನು ಮುಂದೂಡಬೇಡಿ.

ತಾರೀಕು ಇಲ್ಲದ ಪತ್ರಕ್ಕೆ ಸುಮ್ನೆ ಒಂದು ವರ್ಷ ಬರೆಯಬೇಡಿ. ನೀವು ಊಹಿಸಿದ್ದನ್ನು ಚೌಕ ಕಂಸದೊಳಗೆ ಹಾಕಿ, ಪಕ್ಕದಲ್ಲಿ ಕಾರಣ ಬರೆಯಿರಿ. ಅಂಚೆ ಮುದ್ರೆ, ಪತ್ರದಲ್ಲಿ ಹೇಳಿದ ಮಳೆ, ಮದುವೆ, ಪುಸ್ತಕ ಬಿಡುಗಡೆ, ವಿಳಾಸ ಮುದ್ರಿಸಿದ ಹಾಳೆ, ಕೈಬರಹ, ಎಲ್ಲವೂ ಸಾಕ್ಷಿಯೇ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಪತ್ರಗಳಿಗೆ ತಾರೀಕು ಹಾಕುತ್ತಿದ್ದದ್ದು ಅಪರೂಪ. ವರ್ಷದಿಂದ ವರ್ಷಕ್ಕೆ ಅವರ ಕೈಬರಹ ಹೇಗೆ ಬದಲಾಯಿತು ಅನ್ನುವುದನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ವಿದ್ವಾಂಸರು ಅವುಗಳ ಕಾಲ ಕಂಡುಹಿಡಿದರು. ಇದಕ್ಕೆ ಅಸಲು ಕಾಗದವೇ ಬೇಕು, ಟೈಪ್ ಮಾಡಿದ ಪ್ರತಿಯಿಂದ ಆಗುವ ಕೆಲಸ ಅಲ್ಲ.

ಕ್ಯಾಲೆಂಡರ್ ಬಗ್ಗೆಯೂ ಹುಷಾರು. ರಷ್ಯದವರು 1918ರವರೆಗೆ ಹಳೆಯ ಕ್ಯಾಲೆಂಡರ್ ಬಳಸುತ್ತಿದ್ದರು, 20ನೇ ಶತಮಾನದಲ್ಲಿ ಅದು 13 ದಿನ ಹಿಂದೆ. ಟಾಲ್‌ಸ್ಟಾಯ್ 1910ರಲ್ಲಿ ಗಾಂಧೀಜಿಗೆ ಬರೆದ ಕೊನೆಯ ದೊಡ್ಡ ಪತ್ರದ ಮೇಲೆ ಸೆಪ್ಟೆಂಬರ್ 7 ಅಂತ ಇದೆ, ನಮ್ಮ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 20. ಎರಡನ್ನೂ ಬರೆದಿಡಿ. ಪತ್ರದ ಮೇಲಿರುವುದು ಒಂದು ಕಡೆ, ನೀವು ಲೆಕ್ಕ ಹಾಕಿದ್ದು ಇನ್ನೊಂದು ಕಡೆ.

ಸ್ಕ್ಯಾನ್ ಮತ್ತು ಓದಿ ಬರೆದುಕೊಳ್ಳುವುದು

ಸ್ಕ್ಯಾನ್ ಮಾಡುವುದಾದರೆ ಬಣ್ಣದಲ್ಲೇ ಮಾಡಿ, ಇಂಚಿಗೆ 400ರಿಂದ 600 ಚುಕ್ಕೆ ಇರಲಿ, ಟಿಫ್ ಕಡತವಾಗಿ ಉಳಿಸಿ. ಹಂಚಲು ಜೆಪೆಗ್ ಬೇರೆ ಮಾಡಿಕೊಳ್ಳಿ. ಎರಡೂ ಬದಿ ತೆಗೆಯಿರಿ, ಖಾಲಿ ಬದಿಯನ್ನೂ. ಅಂಚು ಪೂರ್ತಿ ಕಾಣಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಹಾಳೆಯನ್ನು ಎಳೆದುಕೊಂಡು ಹೋಗುವ ಥರದ ಸ್ಕ್ಯಾನರಿಗೆ ಹಳೆ ಪತ್ರ ಕೊಡಬೇಡಿ. ತೀರಾ ದುರ್ಬಲ ಹಾಳೆಯನ್ನು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಯುವುದು ಸುರಕ್ಷಿತ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಪಟ್ಟಿಯ ನಂಬರು ಇದೇ ಕ್ರಮದಲ್ಲಿ ಇದ್ದರೆ ತಾನಾಗಿ ಜೋಡಣೆಯಾಗುತ್ತದೆ. ಮೂರು ಪ್ರತಿ ಇರಲಿ, ಎರಡು ಬೇರೆ ಬೇರೆ ಥರದ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ.

ಸ್ಕ್ಯಾನ್ ಆಯಿತಲ್ಲ, ಇನ್ನು ಕಾಗದ ಯಾಕೆ ಅಂತ ಕೇಳುವವರಿದ್ದಾರೆ. ಶಾಯಿಯ ಬಗೆ, ನೀರ್ಗುರುತು, ಒತ್ತಿ ಬರೆದ ಗೀರು, ಇವು ಪರದೆಯ ಮೇಲೆ ಪೂರ್ತಿ ಬರುವುದಿಲ್ಲ. ಸ್ಕ್ಯಾನ್ ಇರುವುದು ಅಸಲನ್ನು ಕಡಿಮೆ ಮುಟ್ಟಲು.

ಪತ್ರವನ್ನು ಓದಿ ಬರೆದುಕೊಳ್ಳುವಾಗ ಕಾಗುಣಿತ ತಿದ್ದಬೇಡಿ. ಒಕ್ಕಣೆ, ಸಹಿ, ಅಂಚಿನಲ್ಲಿ ಸೇರಿಸಿದ ಸಾಲು, ಚಿತ್ತು ಮಾಡಿದ ಪದ ಎಲ್ಲವೂ ಬರಲಿ. ಓದಲಾಗದ ಕಡೆ ಓದಲಾಗಲಿಲ್ಲ ಅಂತಲೇ ಗುರುತು ಹಾಕಿ. ನಿಮ್ಮ ಪ್ರತಿಯೊಂದೇ ಕೊನೆಗೆ ಉಳಿಯಬಹುದು. ಇಂಗ್ಲಿಷ್ ಕವಿ ಕೀಟ್ಸ್ 1817ರ ಡಿಸೆಂಬರಿನಲ್ಲಿ ತಮ್ಮಂದಿರಿಗೆ ಬರೆದ ಪ್ರಸಿದ್ಧ ಪತ್ರ ಇದೆಯಲ್ಲ, ಕವಿಗೆ ಬೇಕಾದ ‘ನೆಗೆಟಿವ್ ಕೇಪಬಿಲಿಟಿ’ (ಉತ್ತರಕ್ಕೆ ಅವಸರಪಡದೆ ಅನುಮಾನಗಳ ನಡುವೆಯೇ ಇರಬಲ್ಲ ಗುಣ) ಬಗ್ಗೆ ಹೇಳುವಂಥದ್ದು, ಅದರ ಅಸಲು ಇಲ್ಲ. ಇರುವುದು ಜಾನ್ ಜೆಫ್ರಿ ಅನ್ನುವವರು ಆಮೇಲೆ ಮಾಡಿಕೊಂಡ ನಕಲು ಮಾತ್ರ, ಮತ್ತು ಅಸಲು ಸಿಕ್ಕಿರುವ ಬೇರೆ ಪತ್ರಗಳ ಜೊತೆ ಹೋಲಿಸಿದಾಗ ಜೆಫ್ರಿ ಕೆಲವು ಭಾಗ ಬಿಟ್ಟಿದ್ದೂ ಬದಲಾಯಿಸಿದ್ದೂ ಕಾಣುತ್ತದೆ. ಸಾಹಿತ್ಯ ವಿಮರ್ಶೆಯ ಅಷ್ಟು ದೊಡ್ಡ ಮಾತು ಒಬ್ಬ ನಕಲುಗಾರನ ಜಾಗ್ರತೆಯ ಮೇಲೆ ನಿಂತಿದೆ.

ನೀರು ಬಿದ್ದರೆ

ಮೊದಲ 48 ಗಂಟೆ ಮುಖ್ಯ, ಆಮೇಲೆ ಬೂಸ್ಟು ಶುರು. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸಲು ಹೋಗಬೇಡಿ, ಕಟ್ಟಾಗಿಯೇ ಕೆಳಗಿನಿಂದ ಒಂದು ರಟ್ಟಿನ ಆಸರೆ ಕೊಟ್ಟು ಎತ್ತಿ. ಸ್ವಲ್ಪವೇ ಇದ್ದರೆ ಬ್ಲಾಟಿಂಗ್ ಕಾಗದದ ಮೇಲೆ ಹರಡಿ, ಫ್ಯಾನ್ ಹಾಕಿ, ಗಾಳಿ ನೇರವಾಗಿ ಕಾಗದಕ್ಕೆ ಬೀಸದಿರಲಿ. ಹೇರ್ ಡ್ರೈಯರ್ ಬೇಡ. ಜಾಸ್ತಿ ಇದ್ದರೆ ಸಣ್ಣ ಸಣ್ಣ ಕಟ್ಟುಗಳಾಗಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಅದರಿಂದ ಬೂಸ್ಟು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ, ತಜ್ಞರನ್ನು ಹುಡುಕಲು ನಿಮಗೆ ಸಮಯ ಸಿಗುತ್ತದೆ.

ಕಾಗದ ಯಾರದು, ಮಾತು ಯಾರದು

ಪತ್ರ ನಿಮ್ಮ ಹತ್ತಿರ ಇದೆ ಅಂದ ಮಾತ್ರಕ್ಕೆ ಅದನ್ನು ಪ್ರಕಟಿಸುವ ಹಕ್ಕು ನಿಮಗಿಲ್ಲ. ಕಾಗದ ಪಡೆದವರದು, ಮಾತು ಬರೆದವರದು. ಇಂಗ್ಲೆಂಡಿನಲ್ಲಿ ಇದು 1741ರಷ್ಟು ಹಿಂದೆಯೇ ತೀರ್ಮಾನವಾಯಿತು. ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಕೇಳದೆ ಅಚ್ಚು ಹಾಕಿದ ಪುಸ್ತಕ ವ್ಯಾಪಾರಿ ಎಡ್ಮಂಡ್ ಕರ್ಲ್ ಮೇಲೆ ಕೋರ್ಟಿಗೆ ಹೋಗಿದ್ದ. 1987ರಲ್ಲಿ ಅಮೆರಿಕದಲ್ಲಿ ಕಾದಂಬರಿಕಾರ ಜೆ.ಡಿ. ಸ್ಯಾಲಿಂಜರ್ ಕೂಡ ತಮ್ಮ ಅಪ್ರಕಟಿತ ಪತ್ರಗಳ ಸಾಲುಗಳನ್ನು ಜೀವನಚರಿತ್ರೆಯೊಂದರಲ್ಲಿ ಬಳಸದಂತೆ ತಡೆದರು, ಆ ಪತ್ರಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಯಾರು ಬೇಕಾದರೂ ಓದುವಂತೆ ಇದ್ದರೂ. ಹಕ್ಕಿನ ಅವಧಿ ದೇಶದಿಂದ ದೇಶಕ್ಕೆ ಬೇರೆ. ಲೇಖಕರು ತೀರಿದ ಮೇಲೆ ಭಾರತದಲ್ಲಿ 60 ವರ್ಷ, ಯುರೋಪಿನ ದೇಶಗಳಲ್ಲಿ 70. ಬದುಕಿದ್ದಾಗ ಪ್ರಕಟವಾಗದೆ ಆಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಭಾರತದಲ್ಲಿ ಲೆಕ್ಕ ಪ್ರಕಟವಾದ ವರ್ಷದಿಂದ. ಹಾಗಾಗಿ ಪೂರ್ತಿ ಪತ್ರವನ್ನು ಆನ್‌ಲೈನ್ ಹಾಕುವ ಮೊದಲು ವಾರಸುದಾರರನ್ನು ಬರವಣಿಗೆಯಲ್ಲಿ ಕೇಳಿ.

ಕಾನೂನು ಒಪ್ಪಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪತ್ರದಲ್ಲಿ ಮೂರನೆಯವರ ಕಾಯಿಲೆ, ಸಾಲ, ಮನೆಯ ಜಗಳ ಬಂದಿರುತ್ತದೆ, ಅವರು ಅಥವಾ ಅವರ ಮಕ್ಕಳು ಇನ್ನೂ ಇರುತ್ತಾರೆ. ಅಂಥದ್ದಕ್ಕೆ ಉತ್ತರ ಸುಡುವುದಲ್ಲ, ಮುಚ್ಚಿಡುವುದು. ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಬರೆದ ಪತ್ರಗಳಲ್ಲಿ ಇವತ್ತು ಉಳಿದಿರುವುದು ಸುಮಾರು 160. ಅಕ್ಕ ಕಸಾಂಡ್ರಾ ಬೇಕಾದಷ್ಟು ನಾಶ ಮಾಡಿದರು, ಕೆಲವದರಿಂದ ಸಾಲುಗಳನ್ನೇ ಕತ್ತರಿಸಿದರು. ಕವಿ ಟಿ.ಎಸ್. ಎಲಿಯಟ್ ತಮ್ಮ ಗೆಳತಿ ಎಮಿಲಿ ಹೇಲ್‌ಗೆ ಬರೆದ 1,131 ಪತ್ರಗಳ ವಿಷಯ ಬೇರೆ. ಆಕೆ ಅವನ್ನು 1956ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಇಬ್ಬರೂ ತೀರಿ 50 ವರ್ಷ ಆಗುವವರೆಗೆ ತೆರೆಯಬಾರದು ಅನ್ನುವ ಷರತ್ತಿನ ಮೇಲೆ. 2020ರ ಜನವರಿಯಲ್ಲಿ ಪೆಟ್ಟಿಗೆಗಳು ಓದುಗರಿಗೆ ತೆರೆದವು. ನಾಚಿಕೆ, ನೋವು ಎಲ್ಲ ಆರಲು ಬೇಕಾದಷ್ಟು ಕಾಲ ಕೊಟ್ಟು, ಒಂದೂ ಅಕ್ಷರ ಕಳೆಯದ ಹಾಗೆ ಉಳಿಸುವ ದಾರಿ ಇದು.

ಇನ್ನರ್ಧ ಎಲ್ಲಿದೆ?

ಎಮಿಲಿ ಹೇಲ್ ತಮಗೆ ಬರೆದ ಪತ್ರಗಳನ್ನು ಎಲಿಯಟ್ ಸುಡಿಸಿಬಿಟ್ಟಿದ್ದರು. ಚಾರ್ಲ್ಸ್ ಡಿಕನ್ಸ್ 1860ರಲ್ಲಿ ತಮಗೆ ಬಂದಿದ್ದ ಪತ್ರಗಳನ್ನೆಲ್ಲ ಮನೆಯ ಹಿಂದೆ ರಾಶಿ ಹಾಕಿ ಸುಟ್ಟರು. ಅವರು ಬರೆದ 14,000ಕ್ಕೂ ಹೆಚ್ಚು ಪತ್ರ ಸಿಕ್ಕಿವೆ, ಬೇರೆಯವರು ಅವರಿಗೆ ಬರೆದದ್ದು ಕೆಲವೇ ಉಳಿದಿವೆ. ಪತ್ರವ್ಯವಹಾರದ ಎರಡು ಅರ್ಧ ಹುಟ್ಟುವಾಗಲೇ ಬೇರೆ ಬೇರೆ ಮನೆ ಸೇರುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಬಂದ ಪತ್ರಗಳು. ಹೋದ ಪತ್ರಗಳು ಇನ್ನೊಬ್ಬರ ಕಪಾಟಿನಲ್ಲಿವೆ. ಹಾಗಾಗಿ ಪಟ್ಟಿಯಲ್ಲಿ ಇನ್ನೊಂದು ಕಾಲಂ ಮಾಡಿ: ಇದು ಯಾವ ಪತ್ರಕ್ಕೆ ಉತ್ತರ, ಇದಕ್ಕೆ ಉತ್ತರ ಬಂತಾ. ಆಮೇಲೆ ಆ ಇನ್ನೊಬ್ಬರ ಮನೆಯವರನ್ನು, ಅವರ ಕಾಗದಗಳಿರುವ ಸಂಸ್ಥೆಯನ್ನು ಕೇಳಿ. ಜರ್ಮನ್ ಭಾಷೆಯ ಕವಿ ರಿಲ್ಕೆ 1903ರಿಂದ 1908ರವರೆಗೆ ಕಪ್ಪುಸ್ ಎಂಬ ಯುವಕನಿಗೆ ಬರೆದ ಪತ್ರಗಳನ್ನು ಜಗತ್ತು 1929ರಿಂದ ಓದುತ್ತಿದೆ, ಆ ಯುವಕ ಏನು ಬರೆದಿದ್ದ ಅನ್ನುವುದು ಅಚ್ಚಾಗಿ ಬಂದದ್ದು 2019ರಲ್ಲಿ, ಅದು ರಿಲ್ಕೆ ಕುಟುಂಬದ ಸಂಗ್ರಹದಲ್ಲಿ ಇತ್ತು. ಅಷ್ಟು ವರ್ಷ ಇದ್ದದ್ದು ಇದ್ದಲ್ಲೇ ಇತ್ತು.

ಸಂಸ್ಥೆಗೆ ಕೊಡುವುದಾದರೆ ಒಡೆದು ಕೊಡಬೇಡಿ. ದೊಡ್ಡ ಹೆಸರಿನ ನಾಲ್ಕು ಪತ್ರ ಒಂದು ಕಡೆ, ಉಳಿದದ್ದು ರದ್ದಿಗೆ ಅಂತ ಆಗಬಾರದು. ಜರ್ಮನ್ ಭಾಷೆಯ ಲೇಖಕ ಕಾಫ್ಕಾ ತಂಗಿ ಒಟ್ಲಾಗೆ ಬರೆದ ಪತ್ರಗಳು 2011ರಲ್ಲಿ ಹರಾಜಿಗೆ ಬರಲಿದ್ದಾಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಮತ್ತು ಮಾರ್ಬಾಖ್‌ನ ಜರ್ಮನ್ ಸಾಹಿತ್ಯ ಪತ್ರಾಗಾರ ಒಟ್ಟಿಗೆ ಸೇರಿ ಇಡಿಯಾಗಿ ಕೊಂಡುಕೊಂಡವು. ಅಷ್ಟು ದೊಡ್ಡ ಸಂಸ್ಥೆಗಳೇ ಹಾಗೆ ಯೋಚಿಸುತ್ತವೆ. ಕೊಡುವ ಮೊದಲು ಇಷ್ಟು ಕೇಳಿ, ಉತ್ತರವನ್ನು ಒಪ್ಪಂದದ ಕಾಗದದಲ್ಲಿ ಬರೆಸಿಕೊಳ್ಳಿ: ಪಟ್ಟಿ ಎಷ್ಟು ದಿನದಲ್ಲಿ ಆಗುತ್ತದೆ, ಓದಲು ಯಾರಿಗೆ ಅವಕಾಶ, ಯಾವ ಪತ್ರ ಎಷ್ಟು ವರ್ಷ ಮುಚ್ಚಿರಬೇಕು, ತೇವಾಂಶ ನೋಡಿಕೊಳ್ಳುವ ಕೋಣೆ ಇದೆಯಾ, ಬೇಡವಾದ ಹಾಳೆಗಳನ್ನು ಎಸೆಯುವ ಮೊದಲು ನಿಮ್ಮನ್ನು ಕೇಳುತ್ತಾರಾ. ಕೋಣೆಯನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ. ನಿಮ್ಮ ಪಟ್ಟಿ, ಮೊದಲ ದಿನದ ಫೋಟೋಗಳು, ಅಡ್ಡಹೆಸರುಗಳ ಹಾಳೆ, ಇವನ್ನು ಪತ್ರಗಳ ಜೊತೆಗೇ ಕೊಟ್ಟು ಒಂದು ಪ್ರತಿ ನಿಮ್ಮಲ್ಲೂ ಇಟ್ಟುಕೊಳ್ಳಿ.